ಬಾಲಿದ್ವೀಪದ ಯಾತ್ರೆಗೆ ಕಾವ್ಯಪಾಥೇಯ

ದೂರದೇಶಕ್ಕೆ ಹೊರಡುವವನು ಬುತ್ತಿಯನ್ನು ಕಟ್ಟಿಕೊಳ್ಳುವುದು ಲೋಕರೂಢಿ. ಬಾಲಿದ್ವೀಪಕ್ಕೆ ಹೊರಡುವ ಕನ್ನಡ ಕುಟುಂಬಗಳ ಬುತ್ತಿಯಲ್ಲಿ ಅವಲಕ್ಕಿ ಚಟ್ನಿಪುಡಿಗಳಿಂದ ಹಿಡಿದು ವಿಮಾನದ ಚೀಟಿ, ಬಿಡಾರದ ಏರ್ಪಾಡು, ನಾಣ್ಯದ ವಿನಿಮಯದವರೆಗೆ ಸಕಲವೂ ಇರುತ್ತದೆ. ಇಲ್ಲದಿರುವುದು ಒಂದೇ: ಆ ದ್ವೀಪದವರು ತಮ್ಮದೆಂದು ಹಾಡಿಕೊಳ್ಳುವ ಕಾವ್ಯಗಳ ಪರಿಚಯ. ಕಡಲತೀರದ ವಿಹಾರಕ್ಕಾಗಿಯೇ ಹೋಗುವವರಿಗೆ ಇದರಿಂದ ನಷ್ಟವೇನೂ ಇಲ್ಲ. ಅವರ ಮಾತು ಇಲ್ಲಿ ಪ್ರಸ್ತುತವೂ ಅಲ್ಲ. ನಷ್ಟವಾಗುವುದು ಓದುಬಲ್ಲವರಿಗೆ, ಅದರಲ್ಲಿಯೂ ಸಂಸ್ಕೃತದ ಪರಿಚಯವುಳ್ಳವರಿಗೆ. ಏಕೆಂದರೆ ಇವರು ಬರಿಗೈಯಲ್ಲಿ ಹೋಗುವುದಿಲ್ಲ. ಒಂದು ಸಿದ್ಧಾಂತವನ್ನು ಹೊತ್ತುಕೊಂಡು ಹೋಗುತ್ತಾರೆ. ಭಾರತದಲ್ಲಿ ಅಳಿದುಹೋದುದು ಅಲ್ಲಿ ಉಳಿದುಕೊಂಡಿದೆ, ಅದನ್ನು ನೋಡಿ ಬರಬೇಕು ಎಂಬುದೇ ಆ ಸಿದ್ಧಾಂತ. ಹೀಗೆ ಹೋದವನು ದೇಗುಲದಲ್ಲಿ ಮಂತ್ರದ ಒಂದು ತುಣುಕನ್ನು ಕೇಳಿ ಹಿಗ್ಗುತ್ತಾನೆ, ಉಚ್ಚಾರದ ತಪ್ಪನ್ನು ಕಂಡು ಮರುಗುತ್ತಾನೆ. ಎರಡು ಬಗೆಯಲ್ಲಿಯೂ ಅವನು ನೋಡುವುದು ತನ್ನನ್ನೇ.

ಈ ಸಿದ್ಧಾಂತವು ನಿನ್ನೆ ಮೊನ್ನೆ ಹುಟ್ಟಿದುದಲ್ಲ. 1926ರಲ್ಲಿ ಕಲ್ಕತ್ತೆಯಲ್ಲಿ ಬೃಹತ್ತರ ಭಾರತದ ಹೆಸರಿನ ವಿದ್ವತ್ಪರಿಷತ್ತೊಂದು ಸ್ಥಾಪಿತವಾಯಿತು. ಮರುವರ್ಷ, 1927ರಲ್ಲಿ, ರವೀಂದ್ರನಾಥ ಠಾಕೂರರು ಜಾವಾ ಬಾಲಿಗಳಲ್ಲಿ ಸಂಚರಿಸಿದರು. ಜೊತೆಗಿದ್ದ ಸುನೀತಿಕುಮಾರ ಚಟರ್ಜಿಯವರು ಮುಂದೆ ಬರೆದ ಪ್ರವಾಸಗ್ರಂಥಕ್ಕೆ 'ದ್ವೀಪಮಯ ಭಾರತ' ಎಂಬ ಹೆಸರನ್ನಿಟ್ಟರು. ಹೆಸರು ಸುಂದರವಾದುದು; ದೋಷವೂ ಆ ಹೆಸರಿನಲ್ಲಿಯೇ ಇದೆ. ಪರಾಧೀನವಾಗಿದ್ದ ಒಂದು ಜನಾಂಗವು ತನ್ನ ಪೂರ್ವಿಕರ ಹಿರಿಮೆಯನ್ನು ಕಡಲಾಚೆ ಹುಡುಕಿಕೊಂಡುದು ಸಹಜ. ಆ ಪಂಡಿತರ ಶ್ರಮದಿಂದ ಬೆಳಕಿಗೆ ಬಂದ ಸಂಗತಿಗಳೂ ಅನೇಕ. ಆದರೆ ದ್ವೀಪಗಳನ್ನು ಭಾರತವೆಂದೇ ಕರೆದುಬಿಟ್ಟರೆ ದ್ವೀಪದ ಕವಿಗೆ ನಿಲ್ಲಲು ಸ್ಥಳವೆಲ್ಲಿ? ಪರಾಧೀನತೆ ಕಳೆದು ಇಷ್ಟು ಕಾಲವಾದ ಮೇಲೂ ಅದೇ ಸಾಂತ್ವನವನ್ನು ಹಿಡಿದುಕೊಂಡು ಹೋಗುವುದು ಸಹೃದಯನಿಗೆ ತಕ್ಕುದಲ್ಲ.

ಈ ಭಾವನೆ ಎಷ್ಟು ನಿಲ್ಲುವುದೆಂಬುದನ್ನು ಪರೀಕ್ಷಿಸಲು ಕಲ್ಲಿನ ದೇಗುಲಗಳಿಗಿಂತ ಕಾವ್ಯವೇ ಒಳ್ಳೆಯ ಒರೆಗಲ್ಲು. ಬಾಲಿಯವರು ಪೂಜ್ಯವೆಂದೆಣಿಸುವ ಕಾವ್ಯಗಳಲ್ಲಿ ಹಿರಿಯವಾದುವೆಲ್ಲ ನೆರೆಯ ಜಾವಾದ ರಾಜಾಸ್ಥಾನಗಳಲ್ಲಿ ಹುಟ್ಟಿದುವು. ಅವುಗಳ ಭಾಷೆ ಹಳೆಯ ಜಾವಾನುಡಿ; ಬಾಲಿಯಲ್ಲಿ ಅದಕ್ಕೆ 'ಕವಿ' ಎಂದೇ ಹೆಸರು. ಜಾವಾದಲ್ಲಿ ಇಸ್ಲಾಂ ಮತವು ನೆಲೆಗೊಂಡು ಹಳೆಯ ಆಸ್ಥಾನಗಳು ಅಳಿದ ಮೇಲೆ ಈ ಕಾವ್ಯಗಳು ಬಹುಮಟ್ಟಿಗೆ ಬಾಲಿಯ ತಾಳೆಗರಿಗಳಲ್ಲಿ ಉಳಿದು ಬಂದುವು. ಇವುಗಳಿಗೆ 'ಕಕವಿನ್' ಎಂದು ಹೆಸರು. ಸಂಸ್ಕೃತದ 'ಕವಿ' ಶಬ್ದಕ್ಕೆ ತಮ್ಮ ನುಡಿಯ ಹಿಂದುಮುಂದಿನ ಪ್ರತ್ಯಯಗಳನ್ನು ಕೂಡಿಸಿ ಮಾಡಿಕೊಂಡ ಪದವಿದು. ಪದದ ಈ ಹುಟ್ಟಿನಲ್ಲಿಯೇ ಆ ಜನರ ರೀತಿ ಕಾಣುತ್ತದೆ.

ಮೊದಲನೆಯದು ರಾಮಾಯಣ ಕಕವಿನ್. ಒಂಬತ್ತನೆಯ ಶತಮಾನದ ಸುಮಾರಿನ ಕೃತಿ. 26 ಸರ್ಗಗಳು, 2700ಕ್ಕೂ ಮೀರಿದ ಪದ್ಯಗಳು. ಇದಕ್ಕೆ ಮೂಲವು ವಾಲ್ಮೀಕಿಯಲ್ಲ, ಭಟ್ಟಿಕಾವ್ಯವೆಂಬುದನ್ನು ವಿದ್ವಾಂಸರು ಸ್ಥಾಪಿಸಿದ್ದಾರೆ. ಪಾಠಶಾಲೆಯಲ್ಲಿ ಓದಿದವರಿಗೆ ಈ ಮಾತು ಕೇಳಿ ಅಚ್ಚರಿಯಾಗದಿರದು. ಭಟ್ಟಿಯನ್ನು ಅಲ್ಲಿ ಓದುವುದು ರಾಮನಿಗಾಗಿ ಅಲ್ಲ, ಲಿಟ್ ಲುಙ್ ಲಕಾರಗಳಿಗಾಗಿ. 22 ಸರ್ಗಗಳ ಆ ಕಾವ್ಯವು ವ್ಯಾಕರಣದ ಉದಾಹರಣೆಗಳ ಭಂಡಾರ. ವ್ಯಾಕರಣವೇ ಕಣ್ಣಾಗಿರುವವರಿಗೆ ದೀಪ, ಉಳಿದವರಿಗೆ ಕತ್ತಲೆ. ಜಾವಾದ ಕವಿಯು ಇಂಥ ಕೃತಿಯನ್ನು ಕೈಗೆತ್ತಿಕೊಂಡು, ಅದರ ಪ್ರಾಣವೆಂದು ಎಣಿಸಲ್ಪಟ್ಟಿದ್ದ ವ್ಯಾಕರಣವನ್ನು ಸಂಪೂರ್ಣವಾಗಿ ಬಿಟ್ಟನು. ಬಿಡದೆ ಗತಿಯೂ ಇರಲಿಲ್ಲ, ಪಾಣಿನಿಯ ಸೂತ್ರಗಳು ಅವನ ನುಡಿಗೆ ಹತ್ತುವಂತಿಲ್ಲ. ಉಳಿದುದು ಏನು? ಭಟ್ಟಿಯೊಳಗೆ ಅಡಗಿದ್ದ ಕವಿ ಉಳಿದನು. ಎರಡನೆಯ ಸರ್ಗದ ಶರತ್ಕಾಲದ ವರ್ಣನೆಯನ್ನು ಸಂಸ್ಕೃತದಲ್ಲಿ ಬಾಯಿಪಾಠ ಮಾಡಿದ ವಿದ್ಯಾರ್ಥಿಯು ಏಕಾವಳಿಗೆ ಲಕ್ಷ್ಯವೆಂದು ಅದನ್ನು ನೆನೆಯುತ್ತಾನೆಯೇ ಹೊರತು ಕೊಳವನ್ನು ನೆನೆಯುವುದಿಲ್ಲ. ಜಾವಾದವನಿಗೆ ಕೊಳವೇ ಕಂಡಿತು. ಪೂರ್ವಾರ್ಧದಲ್ಲಿ ಅವನು ಭಟ್ಟಿಯ ಹೆಜ್ಜೆಯನ್ನು ಹಿಡಿದು ನಡೆದು, ಉತ್ತರಾರ್ಧದಲ್ಲಿ ಕೈಬಿಟ್ಟು ಸ್ವತಂತ್ರನಾಗುತ್ತಾನೆ. ಕೊನೆಯ ಸರ್ಗಗಳಲ್ಲಿ ಹಕ್ಕಿಗಳು ಮಾತಾಡಿ ಒಂದನ್ನೊಂದು ಮೂದಲಿಸುವ ಭಾಗವುಂಟು. ಅದು ಯಾವ ಸಂಸ್ಕೃತ ಕೃತಿಯ ನೆರಳೂ ಅಲ್ಲ. ರಾಮನು ವಿಭೀಷಣನಿಗೆ ಹೇಳುವ ಅಷ್ಟವ್ರತದ ಉಪದೇಶವು, ಎಂಟು ದೇವತೆಗಳ ಗುಣಗಳು ರಾಜನಲ್ಲಿರಬೇಕೆಂಬುದು, ಮನುವಿನಲ್ಲಿ ಬೀಜರೂಪವಾಗಿದ್ದರೂ ಜಾವಾದವರ ಬಾಯಲ್ಲಿ ಇಂದಿಗೂ ರಾಜನೀತಿಯ ಮಾತಾಗಿ ನಿಂತಿದೆ. ಯುದ್ಧದ ವರ್ಣನೆ ಮಾತ್ರ ಅತಿದೀರ್ಘ. ಅಲ್ಲಿ ಓದುಗನು ಹಾಳೆ ಮಗುಚಿದರೆ ದೋಷವಿಲ್ಲ.

ಇಲ್ಲಿ ಕನ್ನಡಿಗನಿಗೆ ಸಹಜವಾಗಿಯೇ ಒಂದು ಹೋಲಿಕೆ ತೋರಬೇಕು. ಜಾವಾದಲ್ಲಿ ಈ ರಾಮಾಯಣವು ಹುಟ್ಟಿದ ಒಂಬತ್ತನೆಯ ಶತಮಾನದಲ್ಲಿಯೇ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗವು ಹುಟ್ಟಿತು. ಎರಡು ನಾಡುಗಳ ಮುಂದೆಯೂ ಇದ್ದ ಪ್ರಶ್ನೆ ಒಂದೇ: ಸಂಸ್ಕೃತವೆಂಬ ಮಹಾವೃಕ್ಷದ ನೆರಳಿನಲ್ಲಿ ತನ್ನ ನುಡಿಯ ಗಿಡವನ್ನು ಬೆಳೆಸುವುದು ಹೇಗೆ? ಕನ್ನಡವು ಮಾರ್ಗ ದೇಸಿಗಳ ವಿವೇಕವನ್ನು ಶಾಸ್ತ್ರವಾಗಿ ಹೇಳಿತು. ಸಂಸ್ಕೃತ ಕನ್ನಡ ಶಬ್ದಗಳನ್ನು ಅಳತೆಗೆಟ್ಟು ಬೆಸೆಯುವುದನ್ನು ನಿಷೇಧಿಸಿತು. ಜಾವಾ ಶಾಸ್ತ್ರವನ್ನು ಹೇಳದೆ ಕಾವ್ಯವನ್ನೇ ಮಾಡಿ ತೋರಿಸಿತು. ಶಾರ್ದೂಲವಿಕ್ರೀಡಿತ, ಸ್ರಗ್ಧರೆಗಳು ಎರಡೂ ಕಡೆಗೆ ಹೋದುವು. ಕನ್ನಡಿಗನು ಅವುಗಳಿಗೆ ದ್ವಿತೀಯಾಕ್ಷರಪ್ರಾಸವನ್ನು ತೊಡಿಸಿ, ನಡುನಡುವೆ ಗದ್ಯವನ್ನು ಸೇರಿಸಿ ಚಂಪುವನ್ನಾಗಿಸಿದನು. ಜಾವಾದವನು ಪ್ರಾಸವನ್ನು ಬಯಸಲಿಲ್ಲ, ಗದ್ಯವನ್ನು ಬೆರೆಸಲಿಲ್ಲ, ಆದರೆ ಗುರುಲಘುಗಳ ಲೆಕ್ಕದಲ್ಲಿಯೇ ಸಂಸ್ಕೃತವು ಕಾಣದ ಹೊಸ ವೃತ್ತಗಳನ್ನು ಹೇರಳವಾಗಿ ಕಟ್ಟಿದನು. ಪಂಪನ ಭಾರತವನ್ನು ಯಾರಾದರೂ 'ಉಳಿದುಕೊಂಡ ಸಂಸ್ಕೃತ' ಎಂದರೆ ಕನ್ನಡಿಗನು ಸಹಿಸುವನೇ? ಹಾಗಾದರೆ ಆ ಮಾತನ್ನು ಬಾಲಿಯವನ ಮುಂದೆ ಆಡಲು ಅವನಿಗೆ ಅಧಿಕಾರವೆಲ್ಲಿಯದು?

ಎರಡನೆಯದು ಅರ್ಜುನವಿವಾಹ. ಕವಿ ಎಂಪು ಕಣ್ವ. ಕಾಲ ಹನ್ನೊಂದನೆಯ ಶತಮಾನದ ಪೂರ್ವಾರ್ಧ. ಆಶ್ರಯದಾತ ರಾಜ ಐರ್ಲಂಗ. ಈ ರಾಜನು ಬಾಲಿಯ ಉದಯನನ ಮಗ. ಜಾವಾಕ್ಕೆ ಹೋಗಿ, ಕೆಟ್ಟುಹೋಗಿದ್ದ ರಾಜ್ಯವನ್ನು ತಪಸ್ಸಿನಿಂದಲೂ ಯುದ್ಧದಿಂದಲೂ ಕಟ್ಟಿದವನು. ಕಾವ್ಯದ ಅರ್ಜುನನಲ್ಲಿ ಈ ರಾಜನ ಛಾಯೆಯಿದೆಯೆಂಬುದು ಅನೇಕರ ಮತ; ಪಂಪನ ಅರಿಕೇಸರಿಯನ್ನು ಬಲ್ಲವರಿಗೆ ಈ ಉಪಾಯವು ಹೊಸದಲ್ಲ. ಇಂದ್ರಕೀಲದ ತಪಸ್ಸು, ಅಪ್ಸರೆಯರ ಪ್ರಲೋಭನ, ಹಂದಿಯ ನೆವದ ಕಲಹ, ಕಿರಾತವೇಷದ ಶಿವ, ಪಾಶುಪತದ ಪ್ರಾಪ್ತಿ: ಇವೆಲ್ಲ ಭಾರವಿಯನ್ನೋದಿದವರಿಗೂ ಕುಮಾರವ್ಯಾಸನನ್ನು ಕೇಳಿದವರಿಗೂ ಮನೆಯ ಮಾತುಗಳು. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸನೊಡನೆ ಭಾರವಿಯ ಹೆಸರನ್ನೂ ಹೇಳಿರುವುದರಿಂದ ಕರ್ನಾಟಕಕ್ಕೆ ಆ ಕವಿಯ ಮೇಲಿನ ಮಮತೆ ಹಳೆಯದು. ಆದುದರಿಂದಲೇ ಕನ್ನಡದ ಓದುಗನು ಇಲ್ಲಿ ಎಡವುವ ಸಂಭವ ಹೆಚ್ಚು. ಪರಿಚಿತವಾದ ಅರ್ಧವನ್ನು ಓದಿ, ಇದು ಕಿರಾತಾರ್ಜುನೀಯದ ಸಂಗ್ರಹವೆಂದು ಪುಸ್ತಕವನ್ನು ಮುಚ್ಚಿಬಿಡುತ್ತಾನೆ.

ಕಣ್ವನ ಸತ್ತ್ವವು ತಿಳಿಯುವುದು ಅನಂತರದ ಭಾಗದಲ್ಲಿ. ಮಹಾಭಾರತದಲ್ಲಿ ನಿವಾತಕವಚರೆಂದರೆ ಕಡಲೊಳಗೆ ವಾಸಿಸುವ ದಾನವರ ಒಂದು ದೊಡ್ಡ ಗುಂಪು. ಕಣ್ವನಲ್ಲಿ ನಿವಾತಕವಚನೆಂಬ ಒಬ್ಬನೇ ದಾನವೇಂದ್ರ. ಅವನ ಮರ್ಮಸ್ಥಾನವಿರುವುದು ನಾಲಿಗೆಯ ತುದಿಯಲ್ಲಿ. ಆ ರಹಸ್ಯವನ್ನು ತಿಳಿಯಲು ಸುಪ್ರಭೆಯೆಂಬ ಅಪ್ಸರೆಯು ಅವನ ಬಳಿಗೆ ಹೋಗಬೇಕು. ಅರ್ಜುನನು ಕಾಣದಂತೆ ಜೊತೆಯಲ್ಲಿರುತ್ತಾನೆ. ಯಾವಳು ಮೊದಲು ಅವನ ತಪಸ್ಸನ್ನು ಕೆಡಿಸಲು ಬಂದು ಸೋತು ಹೋದಳೋ ಅವಳೇ ಈಗ ಅವನ ಕಾರ್ಯಕ್ಕಾಗಿ ತನ್ನನ್ನು ಅಪಾಯಕ್ಕೆ ಒಡ್ಡಿಕೊಳ್ಳುತ್ತಾಳೆ. ಭಾರವಿಯಲ್ಲಿ ಅಪ್ಸರೆಯರು ವರ್ಣನೆಗೆ ಒದಗಿ ಮರೆಯಾಗುತ್ತಾರೆ. ಕಣ್ವನಲ್ಲಿ ಒಬ್ಬಳು ಹೆಣ್ಣಾಗಿ ಹಿಂದಿರುಗುತ್ತಾಳೆ. ಗರ್ವದಿಂದ ಬಾಯಿ ತೆರೆದ ದಾನವನು ಬಾಯೊಳಗೆ ಹೊಕ್ಕ ಬಾಣದಿಂದಲೇ ಸಾಯುತ್ತಾನೆ. ಅರ್ಜುನನಿಗೆ ಸ್ವರ್ಗದಲ್ಲಿ ಏಳು ದಿನಗಳ ಪಟ್ಟ. ಅವು ಮನುಷ್ಯರಿಗೆ ಏಳು ತಿಂಗಳು. ಆ ಸುಖದ ನಡುವೆ ಅವನಿಗೆ ಅಣ್ಣತಮ್ಮಂದಿರ ನೆನಪಾಗುತ್ತದೆ, ಅಗಲಿಕೆಯ ಹೊತ್ತು ಬರುತ್ತದೆ. ಯುದ್ಧದ ಸಂದರ್ಭಗಳು ಇಲ್ಲಿಯೂ ಸಡಿಲ. ಅಗಲಿಕೆಯ ಪದ್ಯಗಳು ಅವನ್ನು ಮರೆಯಿಸುತ್ತವೆ.

ಈ ಕಾವ್ಯವನ್ನು ಓದಿಕೊಂಡು ಹೋದವನಿಗೆ ಬಾಲಿಯ ತಂಪಕ್ಸಿರಿಂಗಿನ ಬಳಿಯ ಗುನುಂಗ್ ಕವಿ ಎಂಬ ಸ್ಥಳವು ಬೇರೆಯಾಗಿ ಕಾಣುವುದು. ಪಕೆರಿಸನ್ ಹೊಳೆಯ ಕಣಿವೆಗೆ ನೂರಾರು ಮೆಟ್ಟಿಲಿಳಿದರೆ ಬಂಡೆಯ ಗೋಡೆಯಲ್ಲಿಯೇ ಕಡೆದ ಸುಮಾರು ಏಳು ಮೀಟರು ಎತ್ತರದ ಸ್ಮಾರಕ ಚಂಡಿಗಳು ನಿಂತಿವೆ, ಒಳಗೆ ಗರ್ಭಗೃಹವಿಲ್ಲ. ಹನ್ನೊಂದನೆಯ ಶತಮಾನದ ಈ ಕೆಲಸವನ್ನು ಉದಯನನ ವಂಶಕ್ಕೆ, ವಿಶೇಷವಾಗಿ ಐರ್ಲಂಗನ ತಮ್ಮನಾದ ಅನಕ್ ವುಂಗ್ಸುವಿಗೆ ಸಂಬಂಧಿಸಿ ಹೇಳುತ್ತಾರೆ. ಅಣ್ಣನ ಆಸ್ಥಾನದಲ್ಲಿ ಕಾವ್ಯ, ತಮ್ಮನ ನಾಡಿನಲ್ಲಿ ಶಿಲೆ. ಹೊಳೆಯ ಆಚೀಚೆಯ ಭತ್ತದ ಗದ್ದೆಗಳಿಗೆ ನೀರನ್ನು ಹಂಚುವ ಸುಬಕ್ ಎಂಬ ರೈತಸಂಘಗಳೂ ಅವುಗಳ ಜಲದೇಗುಲಗಳೂ 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಮಾರ್ಗದರ್ಶಕರು ಗದ್ದೆಗಳ ಚಿತ್ರವನ್ನು ತೆಗೆಯಿರೆನ್ನುತ್ತಾರೆ. ಐರ್ಲಂಗನ ಹೆಸರನ್ನು ಯಾತ್ರಿಕನೇ ಕೇಳಿ ತಿಳಿಯಬೇಕು.

ಯಾತ್ರೆಯನ್ನು ಕುರಿತೇ ಈ ಕವಿಗಳಿಗೆ ಒಂದು ದರ್ಶನವಿದ್ದಿತು. 1974ರಲ್ಲಿ ಜೋಟ್‌ಮುಲ್ಡರ್ ಎಂಬ ವಿದ್ವಾಂಸರು ಈ ಸಾಹಿತ್ಯದ ಸಮೀಕ್ಷೆಯೊಂದನ್ನು ಪ್ರಕಟಿಸಿ ಅದಕ್ಕೆ 'ಕಲಂಗ್ವನ್' ಎಂದು ಹೆಸರಿಟ್ಟರು. ಇದರ ಮೂಲಶಬ್ದ 'ಲಂಗೊ'. ಅದಕ್ಕೆ ಸೌಂದರ್ಯವೆಂದೂ ಅರ್ಥ, ಸೌಂದರ್ಯದಲ್ಲಿ ಮೈಮರೆತ ಸ್ಥಿತಿಯೆಂದೂ ಅರ್ಥ. ನೋಡಲ್ಪಡುವುದಕ್ಕೂ ನೋಡುವವನಿಗೂ ಒಂದೇ ಮಾತು. ರಸವು ವಸ್ತುವಿನಲ್ಲಿದೆಯೇ ಸಹೃದಯನಲ್ಲಿದೆಯೇ ಎಂದು ಭಟ್ಟಲೋಲ್ಲಟನಿಂದ ಅಭಿನವಗುಪ್ತನವರೆಗೆ ನಡೆದ ವಾದವನ್ನು ಆ ಒಂದು ಶಬ್ದವು ವಾದಿಸದೆಯೇ ದಾಟಿದಂತಿದೆ. ಕವಿಯು ಈ ಲಂಗೊವನ್ನು ಅರಸಿ ಬೆಟ್ಟಗಳಲ್ಲಿಯೂ ಕಡಲತೀರಗಳಲ್ಲಿಯೂ ಅಲೆಯುತ್ತಾನೆ. ಕೇದಗೆಯ ಎಸಳಿನ ಮೇಲೆ ಪದ್ಯವನ್ನು ಗೀಚಿಡುತ್ತಾನೆ. ಕಾವ್ಯವನ್ನು ದೇವತೆಗೆ ಕಟ್ಟಿದ ಮಾತಿನ ಗುಡಿಯೆಂದು ಭಾವಿಸುತ್ತಾನೆ. ಅವನ ಅಲೆದಾಟವು ವಿನೋದವಲ್ಲ, ಯೋಗ. ಮೂರು ದಿನಗಳಲ್ಲಿ ಹನ್ನೆರಡು ಸ್ಥಳಗಳೆಂದು ಪಟ್ಟಿಮಾಡಿಕೊಂಡು ಹೋಗುವ ಇಂದಿನ ಯಾತ್ರಿಕನು ಕಡಲತೀರದಲ್ಲಿ ಕುಳಿತು ಸುಮ್ಮನಿರುವವನನ್ನು ಸೋಮಾರಿಯೆನ್ನುವನು. ಕಕವಿನ್ ಕವಿಗಳ ಲೆಕ್ಕದಲ್ಲಿ ಆ ಸೋಮಾರಿಯೇ ಮೇಲು.

ಪಟ್ಟಿಗಳ ಕಾವ್ಯವೊಂದೂ ಇಲ್ಲದಿಲ್ಲ. 1365ರಲ್ಲಿ ಎಂಪು ಪ್ರಪಂಚನು ರಚಿಸಿದ ನಾಗರಕೃತಾಗಮವು ಮುಖ್ಯವಾಗಿ ಯಾತ್ರೆಯ ಕಾವ್ಯ. ಅದಕ್ಕೆ ಕವಿಯೇ ಕೊಟ್ಟ ಹೆಸರು ದೇಶವರ್ಣನ. ಮಜಪಹಿತದ ರಾಜ ಹಯಮ್ ವುರುಕನು 1359ರಲ್ಲಿ ಪೂರ್ವ ಜಾವಾದಲ್ಲಿ ಮಾಡಿದ ಸಂಚಾರವೇ ಇದರ ಹುರುಳು. ಊರಿನ ಮೇಲೆ ಊರು ಬರುತ್ತದೆ; ಹಲವೆಡೆ ಹೆಸರುಗಳ ಮಾಲೆಯಲ್ಲದೆ ಬೇರೇನೂ ಇಲ್ಲ; ಮಹಾಕಾವ್ಯದ ದೃಷ್ಟಿಯಿಂದ ನೀರಸವೆಂದರೂ ಸಲ್ಲುತ್ತದೆ. ಆದರೆ ಅದರ ಸ್ವಾರಸ್ಯವಿರುವುದು ಕವಿಯು ರಾಜಪರಿವಾರವನ್ನು ಬಿಟ್ಟು ಬದಿಗೆ ಸರಿಯುವ ಸ್ಥಳಗಳಲ್ಲಿ. ಅವನು ಬೌದ್ಧವಿಹಾರಕ್ಕೆ ಹೋಗುತ್ತಾನೆ, ಹಿರಿಯ ಭಿಕ್ಷುವನ್ನು ಕಂಡು ಅರಸರ ಪೂರ್ವಕಥೆಯನ್ನು ಕೇಳುತ್ತಾನೆ, ಕೇಳಿದುದನ್ನು ಕೇಳಿದಂತೆ ಬರೆಯುತ್ತಾನೆ. ಪಾಂಡಿತ್ಯವನ್ನು ಮೆರೆಯುವುದಿಲ್ಲ.

ಈ ಕಾವ್ಯದಲ್ಲಿ ಕನ್ನಡಿಗನು ಗಮನಿಸಲೇಬೇಕಾದ ಒಂದು ಪದ್ಯವುಂಟು. 83ನೆಯ ಸರ್ಗದಲ್ಲಿ, ಮಜಪಹಿತಕ್ಕೆ ಹಡಗುಗಳಲ್ಲಿ ವರ್ತಕರೊಡನೆ ಬರುತ್ತಿದ್ದ ಪರದೇಶಿಗಳನ್ನು ಎಣಿಸುವಾಗ ಜಂಬೂದ್ವೀಪ, ಕಾಂಬೋಜ, ಚೀನ, ಯವನ, ಚಂಪಾಗಳ ಸಾಲಿನಲ್ಲಿ ಕವಿಯು ಕರ್ನಾಟಕವನ್ನು ಹೆಸರಿಸುತ್ತಾನೆ. ವಿಜಯನಗರವು ತಲೆಯೆತ್ತಿ ಮೂವತ್ತು ವರ್ಷಗಳೂ ತುಂಬಿರದ ಕಾಲ. ಆದುದರಿಂದ ಈಗ ಹೊರಡುವ ಕನ್ನಡಿಗನು ಆ ಕಡಲಿಗೆ ಹೊಸಬನಲ್ಲ. ಆದರೆ ಅವನ ಪೂರ್ವಿಕರು ಆ ಪದ್ಯದಲ್ಲಿ ಯಾವ ವೇಷದಲ್ಲಿದ್ದಾರೆಂಬುದನ್ನು ನೋಡಬೇಕು. ಗುರುಗಳಾಗಿ ಅಲ್ಲ, ನಾಲ್ಕು ದಿಕ್ಕಿನಿಂದ ಬಂದ ಅತಿಥಿಗಳಲ್ಲಿ ಒಬ್ಬರಾಗಿ. ಬೃಹತ್ತರ ಭಾರತದ ವಾದಿಗಳು ಈ ಪದ್ಯವನ್ನು ತಮ್ಮ ಪಕ್ಷಕ್ಕೆ ಸಾಕ್ಷಿಯಾಗಿ ಎಳೆಯುವುದುಂಟು. ಪದ್ಯವನ್ನು ಪೂರ್ತಿಯಾಗಿ ಓದಿದರೆ ಅದು ಎದುರು ಪಕ್ಷದ ಸಾಕ್ಷಿ. ಅಲ್ಲಿ ದೊಡ್ಡದು ಮಜಪಹಿತ, ಬಂದವರಲ್ಲ.

ಈ ಕೃತಿಯು ಉಳಿದ ಬಗೆಯೂ ನೆನೆಯತಕ್ಕುದು. 1894ರಲ್ಲಿ ಡಚ್ಚರ ಸೇನೆಯು ಲೊಂಬೊಕ್ ದ್ವೀಪವನ್ನಾಳುತ್ತಿದ್ದ ಬಾಲಿಯ ಅರಸರ ಅರಮನೆಯನ್ನು ಹಾಳುಗೆಡವಿದಾಗ, ಸೇನೆಯೊಡನಿದ್ದ ಬ್ರಾಂಡಿಸ್ ಎಂಬ ಪಂಡಿತನು ಓಲೆಯ ಕಟ್ಟುಗಳನ್ನು ಬೆಂಕಿಗೆ ಬೀಳದಂತೆ ತೆಗೆದಿಟ್ಟನು. ಈ ಕಾವ್ಯದ ಆಗ ತಿಳಿದಿದ್ದ ಏಕೈಕ ಪ್ರತಿಯು ಅವುಗಳಲ್ಲಿದ್ದಿತು. ಬಾಲಿಯ ಅರಸರಿಗೆ ಕಾವ್ಯವು ಬರಿಯ ಅಲಂಕಾರವಾಗಿರಲಿಲ್ಲ. 1906ರ ಸೆಪ್ಟೆಂಬರ್ 20ರಂದು ದೆನ್‌ಪಸರಿನಲ್ಲಿ ಬಾದುಂಗಿನ ಅರಸನು ಪರಿವಾರದೊಡನೆ ಬಿಳಿಯ ಬಟ್ಟೆಯುಟ್ಟು ಡಚ್ಚರ ಬಂದೂಕುಗಳಿಗೆ ಎದುರಾಗಿ ನಡೆದು ಸತ್ತನು. ಇದನ್ನು 'ಪುಪುತನ್' ಎನ್ನುತ್ತಾರೆ. ಇ ಗುಸ್ತಿ ಙುರಾಃ ಮಡೆ ಅಗುಂಗ್ ಎಂಬ ಆ ಅರಸನು ಕವಿ. ಅವನ ಕೃತಿಗಳನ್ನು ಬಾಲಿಯವರು ಇಂದಿಗೂ ಓದುತ್ತಾರೆ. ಸತ್ತ ಮೇಲೆ ಅವನಿಗೆ ಬಂದ ಹೆಸರಿನಲ್ಲಿ 'ರಣ' ಎಂಬ ಸಂಸ್ಕೃತ ಶಬ್ದವಿದೆ: ರಣದಲ್ಲಿ ಮರಳಿದವನು ಎಂದು ಅದರ ಅರ್ಥ. 2015ರಲ್ಲಿ ಇಂಡೊನೇಷಿಯಾದ ಸರಕಾರವು ಅವನನ್ನು ರಾಷ್ಟ್ರವೀರನೆಂದು ಘೋಷಿಸಿತು. ಊರ ನಡುವಣ ಪುಪುತನ್ ಮೈದಾನದ ಹುಲ್ಲಿನ ಮೇಲೆ ಕುಳಿತು ದಣಿವಾರಿಸಿಕೊಳ್ಳುವ ಪ್ರವಾಸಿಗಳಲ್ಲಿ ಇದನ್ನು ಬಲ್ಲವರು ವಿರಳ.

ಕಕವಿನ್ ಇಂದಿಗೂ ಹೇಗೆ ಬದುಕಿದೆಯೆಂಬುದನ್ನು ಕಾಣಬಯಸುವವನು ಸಂಜೆಯ ಕೆಚಕ್ ನೃತ್ಯಕ್ಕೆ ಹೋಗಿ ಪ್ರಯೋಜನವಿಲ್ಲ. ಬರಿಮೈಯ ಗಂಡಸರು ವೃತ್ತಾಕಾರವಾಗಿ ಕುಳಿತು 'ಚಕ್ ಚಕ್' ಎಂದು ಘೋಷಿಸುವ, ರಾಮಾಯಣದ ಕಥೆಯನ್ನೊಳಗೊಂಡ ಆ ಆಟವು ನೋಡಲು ರಮಣೀಯವೇ ಸರಿ. ಆದರೆ ಅದರ ಇಂದಿನ ರೂಪವು 1930ರ ದಶಕದಲ್ಲಿ ವಾಲ್ಟರ್ ಸ್ಪೀಸ್ ಎಂಬ ಜರ್ಮನ್ ಚಿತ್ರಕಾರನೂ ಬಾಲಿಯ ಕಲಾವಿದರೂ ಸೇರಿ ಪರದೇಶಿಗಳ ನೋಟಕ್ಕಾಗಿ ಅಳವಡಿಸಿದುದು. ಪ್ರಾಚೀನವೆಂದು ಕೈಮುಗಿದು ಬರುವವರಿಗೆ ಇದನ್ನು ಹೇಳಿದರೆ ಮುಖ ಬಾಡುತ್ತದೆ. ನಿಜವಾಗಿ ಹಳೆಯದಾದುದು ಬೆಳಕಿಲ್ಲದ ಮೂಲೆಯಲ್ಲಿ ನಡೆಯುತ್ತಿರುತ್ತದೆ. ದೇಗುಲದ ಉತ್ಸವಗಳಲ್ಲಿ, ಶವಸಂಸ್ಕಾರದ ಹಿಂದಿನ ರಾತ್ರಿಗಳಲ್ಲಿ, ಮಂಟಪದೊಳಗೆ ಕೆಲವರು ಓಲೆಯನ್ನೋ ಪುಸ್ತಕವನ್ನೋ ಮುಂದಿಟ್ಟುಕೊಂಡು ಕುಳಿತಿರುತ್ತಾರೆ. ಒಬ್ಬನು ಕವಿನುಡಿಯ ಪದ್ಯವನ್ನು ಗುರುಲಘು ಕೆಡದಂತೆ ರಾಗವಾಗಿ ಓದುತ್ತಾನೆ. ಇನ್ನೊಬ್ಬನು ಅದರ ತಾತ್ಪರ್ಯವನ್ನು ಬಾಲಿಯ ಮಾತಿನಲ್ಲಿ ಬಿಡಿಸಿ ಹೇಳುತ್ತಾನೆ. ಅರ್ಥದಲ್ಲಿ ತಕರಾರು ಹುಟ್ಟಿದರೆ ಓದು ನಿಂತು ಚರ್ಚೆ ನಡೆಯುತ್ತದೆ. ಇದಕ್ಕೆ 'ಮಬೆಬಸನ್' ಎಂದು ಹೆಸರು. ಗಮಕಿಯೂ ವ್ಯಾಖ್ಯಾನಕಾರನೂ ಕೂಡಿ ಭಾರತವನ್ನೋದುವುದನ್ನು ಚಿಕ್ಕಂದಿನಿಂದ ಕೇಳಿದ ಕನ್ನಡ ಮನೆತನಗಳವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಭಾಷೆ ತಿಳಿಯದಿದ್ದರೂ ಎಲ್ಲಿ ಪದ್ಯ ನಿಂತಿತು, ಎಲ್ಲಿ ಅರ್ಥ ಮೊದಲಾಯಿತು ಎಂಬುದು ಕಿವಿಗೆ ತಿಳಿಯುತ್ತದೆ. ಓದುತ್ತಿರುವುದು ಅರ್ಜುನವಿವಾಹವಾಗಿದ್ದು, ಸ್ಟುವರ್ಟ್ ರಾಬ್ಸನ್ನರ 2008ರ ಇಂಗ್ಲಿಷ್ ಅನುವಾದವು ಕೈಯಲ್ಲಿದ್ದರೆ ಕಥೆಯನ್ನು ಹಿಂಬಾಲಿಸುವುದೂ ಸಾಧ್ಯ. ದೇಶವರ್ಣನಕ್ಕೆ 1995ರ, ರಾಮಾಯಣಕ್ಕೆ 2015ರ ಅನುವಾದಗಳೂ ಅವರವೇ ಇವೆ. ಮೂರನ್ನೂ ಓದಲು ಬಿಡುವಿಲ್ಲದವನು ಅರ್ಜುನವಿವಾಹವೊಂದನ್ನಾದರೂ ಓದಬೇಕು.

ದಿನವನ್ನು ಗೊತ್ತುಮಾಡುವಲ್ಲಿ ಮಾತ್ರ ಶಾಲೆಯ ರಜೆಯ ಪಟ್ಟಿ ಸಾಲದು. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಮಳೆ ಕಡಿಮೆಯೆಂಬುದು ಸರಿಯೇ. ಆದರೆ ಬಾಲಿಯ ಬಾಳು ನಡೆಯುವುದು ಎರಡು ಪಂಚಾಂಗಗಳ ಮೇಲೆ. ಒಂದು ಶಕವರ್ಷದ್ದು. 2025ರ ಮಾರ್ಚ್ 29ರಂದು ಅಲ್ಲಿ ಶಕ 1947 ಮೊದಲಾಯಿತು. ಮರುದಿನ ಕರ್ನಾಟಕದಲ್ಲಿ ಅದೇ ಶಾಲಿವಾಹನ ಶಕ 1947 ಬೇವುಬೆಲ್ಲದೊಡನೆ ಮೊದಲಾಯಿತು. ಬಾಲಿಯ ಯುಗಾದಿಗೆ ನ್ಯೇಪಿ ಎಂದು ಹೆಸರು. ಅಂದು ಬೆಂಕಿಯಿಲ್ಲ, ಕೆಲಸವಿಲ್ಲ, ಸಂಚಾರವಿಲ್ಲ, ವಿನೋದವಿಲ್ಲ. ವಿಮಾನನಿಲ್ದಾಣವೂ ಒಂದು ಹಗಲು ಒಂದು ರಾತ್ರಿ ಮುಚ್ಚಿರುತ್ತದೆ. ಇನ್ನೊಂದು ಪವುಕೋನ್ ಎಂಬ 210 ದಿನಗಳ ಚಕ್ರ. ಏಳೇಳು ದಿನಗಳ ಮೂವತ್ತು ವಾರಗಳು, ಪ್ರತಿಯೊಂದಕ್ಕೂ ಬೇರೆ ಹೆಸರು. ಪಿತೃಗಳು ಮನೆಗೆ ಬರುವರೆಂದು ನಂಬಿ, ಬಾಗಿದ ಬಿದಿರಿನ ತೋರಣಗಳನ್ನು ಬಾಗಿಲ ಮುಂದೆ ನಿಲ್ಲಿಸುವ ಗಲುಂಗನ್ ಹಬ್ಬವು ಈ ಲೆಕ್ಕದಿಂದ ಬರುವುದರಿಂದ, 2025ರಲ್ಲಿ ಏಪ್ರಿಲ್ 23ಕ್ಕೂ ನವೆಂಬರ್ 19ಕ್ಕೂ ಎರಡು ಸಲ ಬಂದಿತು. ಬಹುತೇಕ ದೇಗುಲಗಳ ವಾರ್ಷಿಕೋತ್ಸವಗಳೂ ಹೀಗೆಯೇ. ಹಬ್ಬದ ಆಗುಹೋಗುಗಳಲ್ಲಿ ಓದನ್ನು ಕೇಳಬೇಕೆನ್ನುವವನು ಗಲುಂಗನ್ ಮತ್ತು ಹತ್ತು ದಿನಗಳ ಅನಂತರದ ಕುನಿಂಗನ್ ಇವುಗಳ ನಡುವಣ ದಿನಗಳನ್ನು ಹಿಡಿಯಬಹುದು.

ಆ ಚಕ್ರದ ಕಟ್ಟಕಡೆಯ ದಿನವಾದ ಶನಿವಾರವು ಸರಸ್ವತಿಯದು. ಅಂದು ಪುಸ್ತಕಗಳಿಗೂ ಓಲೆಗಳಿಗೂ ಹೂವು ನೈವೇದ್ಯಗಳನ್ನಿಟ್ಟು ಪೂಜಿಸುತ್ತಾರೆ. ನವರಾತ್ರಿಯಲ್ಲಿ ಪುಸ್ತಕಗಳನ್ನು ಪೂಜೆಗಿಟ್ಟು ಓದದಿರುವ ಕನ್ನಡನಾಡಿನ ಪದ್ಧತಿಯಂತೆಯೇ ಅಂದು ಓದುಬರೆಹಗಳು ನಿಷಿದ್ಧ. ಉತ್ತರ ತೀರದ ಸಿಂಗರಾಜ ಪಟ್ಟಣದಲ್ಲಿ 1928ರಲ್ಲಿ ಸ್ಥಾಪಿತವಾದ ಗೆಡೊಂಗ್ ಕೀರ್ತ್ಯವೆಂಬ ಓಲೆಗಳ ಭಂಡಾರವುಂಟು. ಕಾವ್ಯಕ್ಕಾಗಿ ಹೋಗುವವನು ದಕ್ಷಿಣದ ಕಡಲತೀರಗಳಲ್ಲಿ ಒಂದು ದಿನವನ್ನು ಕಡಿಮೆಮಾಡಿಯಾದರೂ ಅದನ್ನು ನೋಡದೆ ಬರಬಾರದು. ಆದರೆ ಸರಸ್ವತಿಯ ದಿನ ಹೋಗಿ ಓಲೆಯನ್ನು ಬಿಚ್ಚಿ ಓದಿಸಿರೆಂದು ಕೇಳುವುದು ಸಲ್ಲದು. ಮರುದಿನ ಮುಂಜಾವದಲ್ಲಿ ಜನರೆಲ್ಲ ಸ್ನಾನಕ್ಕಾಗಿ ಕಡಲಿಗೋ ಹೊಳೆಗೋ ಹೋಗುತ್ತಾರೆ. ಓಲೆಯ ಮೇಲಿನ ಅಕ್ಷರಗಳನ್ನು ಕಾಣಬೇಕೆಂಬ ಆಸೆಯುಳ್ಳವನು ಅದಕ್ಕೆ ಮುಂಚಿನ ವಾರವನ್ನೇ ಗೊತ್ತುಮಾಡಿಕೊಳ್ಳುವುದು ಲೇಸು.